ಸಿ ಡ್ರೈವಲ್ಲಿ ಲೆಕ್ಕಕ್ಕೆ ಸಿಗದ 95 ಜಿಬಿ: ನಾಪೋಕ್ಲು ಕಡೆಯ ಒಂದು ಮನೆ ಕಂಪ್ಯೂಟರ್ ಪ್ರಕರಣ

ಮೊದ್ಲೇ ನಂಬರ್ ಕೊಟ್ಬಿಡ್ತೀನಿ, ಯಾಕಂದ್ರೆ ಈ ಪ್ರಕರಣ ಪೂರ್ತಿ ನಿಂತಿರೋದು ಒಂದು ಕಳೆಯೋ ಲೆಕ್ಕದ ಮೇಲೆ. ಮನೆ ಡೆಸ್ಕ್‌ಟಾಪ್, ವಿಂಡೋಸ್ 10, 8 ಜಿಬಿ ರ‍್ಯಾಮ್, ಸಿ ಡ್ರೈವಿಗೆ 240 ಜಿಬಿ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕ್), ಅದ್ರ ಜೊತೆ ಡಿ ಡ್ರೈವ್ ಅಂತ ಒಂದು ಹಳೇ ಹಾರ್ಡ್ ಡಿಸ್ಕ್. ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದ್ರೆ ಒಟ್ಟು 223 ಜಿಬಿ, ತುಂಬಿರೋದು 219, ಖಾಲಿ ಇರೋದು 4 ಜಿಬಿ, ಕೆಂಪು ಪಟ್ಟಿ. ಅದೇ ಸಿ ಡ್ರೈವನ್ನ ಓಪನ್ ಮಾಡಿ, ಹಿಡನ್ ಫೈಲ್ ಕಾಣೋ ಹಾಗೆ ಮಾಡಿ, ಎಲ್ಲಾ ಫೋಲ್ಡರನ್ನೂ ಒಟ್ಟಿಗೆ ಸೆಲೆಕ್ಟ್ ಮಾಡಿ ಪ್ರಾಪರ್ಟೀಸ್ ನೋಡಿದ್ರೆ 124 ಜಿಬಿ. ಉಳಿದ 95 ಜಿಬಿ ಎಲ್ಲಿದೆ? ಡ್ರೈವ್ ಪ್ರಕಾರ ಅದು ತುಂಬಿದೆ, ಫೋಲ್ಡರ್‌ಗಳ ಪ್ರಕಾರ ಅಂಥದ್ದೊಂದು ಇಲ್ವೇ ಇಲ್ಲ.

240 ಅಂತ ಡಬ್ಬದ ಮೇಲೆ ಬರೆದಿರೋದು 223 ಆಗಿ ಕಾಣೋದನ್ನೂ ಮನೆಯವರು ಕಳೆದುಹೋದ ಜಾಗದ ಲೆಕ್ಕಕ್ಕೆ ಸೇರಿಸಿದ್ರು, ಅದು ಕಳೆದಿಲ್ಲ. ಕಂಪನಿಯವರು ಒಂದು ಜಿಬಿ ಅಂದ್ರೆ 100 ಕೋಟಿ ಬೈಟ್ ಅಂತ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತೆ, 500ರ ಡಿಸ್ಕ್ 465 ಅಂತ ಕಾಣೋದು, 1 ಟಿಬಿ 931 ಅಂತ ಕಾಣೋದು ಎಲ್ಲಾ ಇದೇ ಕಾರಣಕ್ಕೆ. ಹಾಗಾಗಿ ಹುಡುಕ್ಬೇಕಾಗಿದ್ದು ಆ 95 ಮಾತ್ರ.

ಮನೆ ಇರೋದು ಕೊಡಗಿನ ನಾಪೋಕ್ಲಿಂದ ಕಕ್ಕಬ್ಬೆ ಕಡೆ ಹೋಗೋ ದಾರೀಲಿ. ಕಾಫಿ ತೋಟ, ಜೊತೆಗೆ ಮೂರು ರೂಮಿನ ಹೋಮ್‌ಸ್ಟೇ. ತೋಟ ಭಾವ ನೋಡ್ಕೋತಾರೆ, ಹೋಮ್‌ಸ್ಟೇ ಮತ್ತೆ ಲೆಕ್ಕಪತ್ರ ಎಲ್ಲಾ ಅಕ್ಕನದ್ದು, ಮಗಳು ಮೈಸೂರಲ್ಲಿ ಓದ್ತಾ ಇದಾಳೆ, ರಜೆಗೆ ಬಂದಾಗ ಹೋಮ್‌ಸ್ಟೇಗೆ ಅಂತ ವಿಡಿಯೋ ಎಡಿಟ್ ಮಾಡ್ತಾಳೆ. ಕಂಪ್ಯೂಟರಲ್ಲಿ ಏನಿದೆ ಅನ್ನೋದು ಇಲ್ಲಿ ಮುಖ್ಯ: ಲೈನ್‌ಮನೆ ಕೆಲಸದವರ ಕೂಲಿ ಲೆಕ್ಕ, ಕಾಫಿ ಕರಿಮೆಣಸು ಮಾರಿದ ಬಿಲ್ಲುಗಳು, ಬುಕಿಂಗ್ ಶೀಟ್, ಬಂದುಹೋದ ಗೆಸ್ಟ್‌ಗಳ ಐಡಿ ಸ್ಕ್ಯಾನ್‌ಗಳು. ಫಾರಿನ್ ಗೆಸ್ಟ್ ಬಂದ್ರೆ 24 ಗಂಟೆ ಒಳಗೆ ಅವರ ವಿವರವನ್ನ ಸರ್ಕಾರಕ್ಕೆ ಆನ್‌ಲೈನಲ್ಲಿ ಕೊಡ್ಬೇಕು, ಆ ಹೊತ್ತಿಗೆ ಬ್ರೌಸರ್ ಮುಚ್ಚಿಕೊಂಡು ಡಿಸ್ಕ್ ಫುಲ್ ಅಂತ ಬಂದ್ರೆ ಅದು ಬರೀ ಕಂಪ್ಯೂಟರ್ ತೊಂದ್ರೆ ಅಲ್ಲ.

ಮೇ ತಿಂಗಳಲ್ಲಿ 90 ಜಿಬಿ ಹತ್ರ ಖಾಲಿ ಇತ್ತು ಅಂತ ಮಗಳಿಗೆ ಚೆನ್ನಾಗಿ ನೆನಪಿದೆ, ಯಾಕಂದ್ರೆ ವಿಡಿಯೋ ಸಾಫ್ಟ್‌ವೇರ್ ಹಾಕೋವಾಗ ನೋಡಿದ್ಲಂತೆ. 2024ರ ಆಗಸ್ಟ್ ಕೊನೆಗೆ 4. ಮಧ್ಯದಲ್ಲಿ ಯಾರೂ ಹೊಸ ಪ್ರೋಗ್ರಾಂ ಹಾಕಿಲ್ಲ. ಫೋಟೋ ಎಲ್ಲಾ ಡಿ ಡ್ರೈವಿಗೆ ಸಾಗಿಸಿದ್ರು, ಜಾಗ ಬಂತು, ವಾರದೊಳಗೆ ಹೋಯ್ತು. ಮತ್ತೆ ವಿಡಿಯೋ ಅಳಿಸಿದ್ರು, ಬಂತು, ಹೋಯ್ತು. ಪೇಟೆಯ ಅಂಗಡಿಯೊಂದರಲ್ಲಿ ಕೇಳಿದ್ದಕ್ಕೆ ವೈರಸ್ ಇರ್ಬೇಕು, ಫಾರ್ಮ್ಯಾಟ್ ಮಾಡಿ 500ರ ಎಸ್‌ಎಸ್‌ಡಿ ಹಾಕ್ಸಿ ಅಂದ್ರಂತೆ. "ಫಾರ್ಮ್ಯಾಟ್ ಮಾಡಿದ್ರೆ ಹತ್ತು ವರ್ಷದ ಕೂಲಿ ಲೆಕ್ಕ ಏನ್ ಗತಿ ತಮ್ಮಾ" ಅಂತ ಅಕ್ಕ ಫೋನ್ ಮಾಡಿದ್ದು ಆವಾಗ.

ಫಾರ್ಮ್ಯಾಟ್ ಮಾಡಿ ಅನ್ನೋ ಸಲಹೆ ಬಗ್ಗೆ ನನಗೆ ನಿಜವಾಗ್ಲೂ ಸಿಟ್ಟಿದೆ. ಫಾರ್ಮ್ಯಾಟ್ ಮಾಡಿದ್ರೆ ಜಾಗ ಬರುತ್ತೆ, ಬರ್ದೇ ಏನು, ಆದ್ರೆ ಯಾವ್ದು ತಿಂತಾ ಇತ್ತು ಅಂತ ಗೊತ್ತಾಗೋದಿಲ್ಲ, ಕಾರಣ ಮನೇಲೇ ಉಳ್ಕೊಂಡಿದ್ರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ. ದೊಡ್ಡ ಡಿಸ್ಕ್ ಹಾಕಿದ್ರೂ ಅಷ್ಟೇ, ತುಂಬೋಕೆ ಇನ್ನೊಂದಿಷ್ಟು ದಿನ ಜಾಸ್ತಿ ಹಿಡಿಯುತ್ತೆ. ಅದಕ್ಕೇ ಅಳಿಸೋಕೆ ಮೊದ್ಲು ಎಣಿಸ್ಬೇಕು, ಮತ್ತೆ ಎಣಿಸೋ ಮೊದ್ಲು ಬ್ಯಾಕಪ್. ಕೂಲಿ ಲೆಕ್ಕ, ಬುಕಿಂಗ್, ಸ್ಕ್ಯಾನ್ ಎಲ್ಲಾ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ, ಆ ಡಿಸ್ಕನ್ನ ಬೇರೆ ಲ್ಯಾಪ್‌ಟಾಪಿಗೆ ಚುಚ್ಚಿ ನಾಕೈದು ಫೈಲ್ ಓಪನ್ ಆಗುತ್ತಾ ಅಂತ ನೋಡಿದ್ಮೇಲೇ ಮುಂದಿನ ಕೆಲಸ. ಎಸ್‌ಎಸ್‌ಡಿ ಇಷ್ಟು ತುಂಬಿದಾಗ ನಿಧಾನ ಆಗೋದು ಸಹಜ, ಒಳಗೆ ಬ್ಲಾಕ್‌ಗಳನ್ನ ಅಳಿಸಿ ಹೊಂದಿಸ್ಕೊಳ್ಳೋಕೆ ಅದಕ್ಕೆ ಖಾಲಿ ಜಾಗ ಬೇಕು, ಹಾಗಾಗಿ ಕಾಪಿ ಆಗೋಕೇ ಮಧ್ಯಾಹ್ನದವರೆಗೂ ಹಿಡೀತು.

ಈಗ ಆ ಕಳೆಯೋ ಲೆಕ್ಕ ಯಾಕೆ ಮುಖ್ಯ ಅಂದ್ರೆ, ಜಾಗ ಹೋಗೋದ್ರಲ್ಲಿ ಎರಡು ಜಾತಿ ಇದೆ. ಒಂದು, ಎಣಿಕೆಗೆ ಸಿಗೋದು: ವಾಟ್ಸಾಪ್ ವಿಡಿಯೋ, ಡೌನ್‌ಲೋಡ್ಸ್ ಫೋಲ್ಡರ್, ಫೋನ್ ಬ್ಯಾಕಪ್, ಆಟಗಳು. ಇದ್ರಲ್ಲಿ ಡ್ರೈವಿನ ನಂಬರೂ ಫೋಲ್ಡರ್‌ಗಳ ನಂಬರೂ ಹೆಚ್ಚೂಕಮ್ಮಿ ಒಂದೇ ಇರುತ್ತೆ, ಯಾವ ಫೋಲ್ಡರ್ ದಪ್ಪ ಆಗಿದೆ ನೋಡಿದ್ರೆ ಮುಗೀತು. ಇನ್ನೊಂದು, ಎಣಿಕೆಗೆ ಸಿಗದೇ ಇರೋದು. ಫೋಲ್ಡರ್‌ಗಳನ್ನ ತೋರ್ಸೋ ಎಕ್ಸ್‌ಪ್ಲೋರರ್ ನಿಮ್ಮ ಖಾತೆಯ ಪರ್ಮಿಷನ್ ಇಟ್ಕೊಂಡು ಎಣಿಸುತ್ತೆ, ಒಳಗೆ ಹೋಗೋಕೆ ಬಿಡದ ಫೋಲ್ಡರನ್ನ ಸೊನ್ನೆ ಅಂತ ಹಿಡ್ಕೊಂಡು ಮುಂದೆ ಹೋಗುತ್ತೆ, ಎರರ್ ಕೂಡ ತೋರ್ಸಲ್ಲ. ಗೋಡೌನಲ್ಲಿ ಕಾಫಿ ಮೂಟೆ ಎಣಿಸೋನು ಬೀಗ ಹಾಕಿರೋ ರೂಮನ್ನ ಬಿಟ್ಟು ಎಣಿಸಿ, ಪುಸ್ತಕದಲ್ಲಿ ಪೂರ್ತಿ ಲೆಕ್ಕ ಅಂತ ಬರೆದ ಹಾಗೆ. 95 ಜಿಬಿ ವ್ಯತ್ಯಾಸ ಅಂದ್ರೆ ಇದು ಎರಡನೇ ಜಾತಿ, ಫೋಟೋ ವಿಡಿಯೋ ಅಳಿಸೋದ್ರಿಂದ ಬಗೆಹರಿಯೋದಲ್ಲ ಅಂತ ಅಲ್ಲೇ ಗೊತ್ತಾಯ್ತು. ಆ ಮನೆಯವರು ಎರಡು ತಿಂಗಳಿಂದ ಕೈ ಹಾಕ್ತಿದ್ದಿದ್ದು ಮೊದಲನೇ ಜಾತಿಗೆ.

ಇದಕ್ಕೆ ನಾನು ಬಳಸೋದು ವಿಜ್‌ಟ್ರೀ, ಡಿಸ್ಕಲ್ಲಿ ಯಾವ್ದು ಎಷ್ಟು ಜಾಗ ಹಿಡಿದಿದೆ ಅಂತ ತೋರ್ಸೋ ಪ್ರೋಗ್ರಾಂ, ಮನೆ ಬಳಕೆಗೆ ಫ್ರೀ. ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕಲ್ಲಿ ಫೈಲ್ ಜೋಡಿಸಿಡೋ ಪದ್ಧತಿ) ಡಿಸ್ಕಲ್ಲಿ ಪ್ರತಿಯೊಂದು ಫೈಲಿನ ವಿವರ ಬರೆದಿಟ್ಟಿರೋ ಮಾಸ್ಟರ್ ಫೈಲ್ ಟೇಬಲ್ ಅಂತ ಒಂದಿದೆ, ವಿಜ್‌ಟ್ರೀ ಫೋಲ್ಡರ್ ಫೋಲ್ಡರ್ ಸುತ್ತೋ ಬದ್ಲು ಆ ಟೇಬಲನ್ನೇ ನೇರ ಓದುತ್ತೆ, ಹಾಗಾಗಿ ಪರ್ಮಿಷನ್ ಇಲ್ಲದ ಜಾಗವೂ ಕಾಣುತ್ತೆ, ಸೆಕೆಂಡುಗಳಲ್ಲಿ ಮುಗಿಯುತ್ತೆ. ಒಂದೇ ಷರತ್ತು, ರನ್ ಆಸ್ ಅಡ್ಮಿನಿಸ್ಟ್ರೇಟರ್ ಅಂತ ಓಪನ್ ಮಾಡ್ಬೇಕು. ವಿನ್‌ಡರ್‌ಸ್ಟ್ಯಾಟ್, ಟ್ರೀಸೈಜ್ ಕೂಡ ಒಳ್ಳೇವೇ, ಆದ್ರೆ ಇಂಥ ಕೇಸಲ್ಲಿ ಟೇಬಲ್ ಓದೋದೇ ಬೇಗ ದಾರಿಗೆ ಬರುತ್ತೆ.

ಪಟ್ಟಿ ಬಂತು, ದೊಡ್ಡದ್ರಿಂದ ಚಿಕ್ಕದಕ್ಕೆ. ವಿಂಡೋಸ್ ಫೋಲ್ಡರಿನ ಒಳಗಿರೋ ಟೆಂಪ್: 47 ಜಿಬಿ. ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್: 36 ಜಿಬಿ. ಹೈಬರ್‌ಫಿಲ್ ಅನ್ನೋ ಫೈಲು 3 ಚಿಲ್ರೆ, ರ‍್ಯಾಮ್ ಸಾಲದಾದಾಗ ವಿಂಡೋಸ್ ಬಳಸೋ ಪೇಜ್‌ಫೈಲ್ 6. ಇಷ್ಟಕ್ಕೇ 92 ದಾಟಿತು. ಉಳಿದಿದ್ದು ಭಾವನ ತಮ್ಮ ಯಾವಾಗ್ಲೋ ಮಾಡ್ಕೊಂಡಿದ್ದ ಇನ್ನೊಂದು ಯೂಸರ್ ಖಾತೆ, ಸರ್ಚ್ ಇಂಡೆಕ್ಸು, ಆ ಮಾಸ್ಟರ್ ಟೇಬಲ್ಲೇ ಹಿಡಿಯೋ ಜಾಗ ಇಂಥವು.

ಹೈಬರ್‌ಫಿಲ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಅದು ಹೈಬರ್ನೇಟ್ ಮತ್ತೆ ಫಾಸ್ಟ್ ಸ್ಟಾರ್ಟಪ್‌ಗೆ ಬೇಕಾದ ಫೈಲು, ವಿಂಡೋಸ್ 10ರಲ್ಲಿ ಸಾಮಾನ್ಯವಾಗಿ ರ‍್ಯಾಮಿನ 40 ಪರ್ಸೆಂಟಷ್ಟು ಇರುತ್ತೆ, 8 ಜಿಬಿಗೆ 3.2. ತುಂಬಾ ಜನ ಇದನ್ನೇ ಮೊದ್ಲು ತೆಗೀರಿ ಅಂತಾರೆ. ಈ ಮನೇಲಿ ನಾನು ತೆಗೀಲಿಲ್ಲ, ಕಾರಣ ಆಮೇಲೆ ಬರುತ್ತೆ.

ವಿಂಡೋಸ್ ಟೆಂಪ್ ಓಪನ್ ಮಾಡಿದ್ರೆ ಕ್ಯಾಬ್ ಅಂತ ಶುರುವಾಗೋ ಹೆಸರಿನ ಫೈಲುಗಳು ಸಾಲಾಗಿ, ಕ್ಯಾಬ್ ಅಡಿಗೆರೆ ನಂಬರ್, ಕ್ಯಾಬ್ ಅಡಿಗೆರೆ ನಂಬರ್, ಒಂದೊಂದೂ 100 ಎಂಬಿ ಆಸುಪಾಸು, ನಾನೂರರ ಮೇಲೆ. ಇದನ್ನ ನೋಡಿದ ತಕ್ಷಣ ಏನು ಅಂತ ಗೊತ್ತಾಯ್ತು, ವಿಂಡೋಸ್ 7 ಕಾಲದಿಂದ ಇರೋ ತೊಂದ್ರೆ ಇದು. ವಿಂಡೋಸ್ ಅಪ್‌ಡೇಟ್ ಹಾಕೋವಾಗ ತಾನು ಮಾಡಿದ್ದನ್ನೆಲ್ಲಾ ಸಿಬಿಎಸ್ ಲಾಗ್ ಅನ್ನೋ ಫೈಲಲ್ಲಿ ಬರೀತಾ ಹೋಗುತ್ತೆ. ಅದು ದೊಡ್ಡದಾದ್ಮೇಲೆ ಹಳೇ ಲಾಗನ್ನ ಪಕ್ಕಕ್ಕಿಟ್ಟು, ಮೇಕ್‌ಕ್ಯಾಬ್ ಅನ್ನೋ ಪ್ರೋಗ್ರಾಂ ಕರೆದು ಜಿಪ್ ಥರ ಅದುಮಿಸುತ್ತೆ. ಆದ್ರೆ ಮೇಕ್‌ಕ್ಯಾಬಿಗೆ 2 ಜಿಬಿ ದಾಟಿದ ಫೈಲನ್ನ ಅದುಮೋಕಾಗಲ್ಲ. ಶುರು ಮಾಡುತ್ತೆ, ಅರ್ಧದಲ್ಲಿ ಫೇಲ್ ಆಗುತ್ತೆ, ಅರ್ಧ ಮಾಡಿದ ತುಂಡನ್ನ ಟೆಂಪಲ್ಲೇ ಬಿಟ್ಟು ಹೋಗುತ್ತೆ. ಲಾಗು ಹಾಗೇ ಕೂತಿರುತ್ತಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನ, ಮತ್ತೊಂದು ತುಂಡು. ಕಂಪ್ಯೂಟರ್ ಆನ್ ಇರೋವಷ್ಟು ಹೊತ್ತೂ ಇದೇ ಕೆಲಸ. ಸಿಬಿಎಸ್ ಫೋಲ್ಡರ್ ನೋಡಿದ್ರೆ ಅಲ್ಲಿ 2.3 ಜಿಬಿಯ ಒಂದು ಲಾಗ್ ಫೈಲ್ ಇದ್ದೇ ಇತ್ತು.

ಅಕ್ಕ ಡಿಸ್ಕ್ ಕ್ಲೀನಪ್ ಮಾಡಿದ್ರಲ್ಲ, ಅದ್ಯಾಕೆ ಹೋಗ್ಲಿಲ್ಲ ಅಂತ ಮಗಳು ಕೇಳಿದ್ಲು, ಒಳ್ಳೇ ಪ್ರಶ್ನೆ. ಟೆಂಪ್ ಅನ್ನೋ ಹೆಸರಲ್ಲಿ ಎರಡು ಫೋಲ್ಡರಿದೆ. ಒಂದು ಪ್ರತಿ ಯೂಸರಿಗೂ ಇರೋದು, ಆಪ್‌ಡೇಟಾ ಒಳಗೆ, ಅವರು ಕ್ಲೀನ್ ಮಾಡಿದ್ದು ಅದನ್ನ. ಇದು ವಿಂಡೋಸಿನ ಸ್ವಂತದ್ದು, ಅಡ್ಮಿನ್ ಪರ್ಮಿಷನ್ ಕೊಟ್ಟು ಕಂಟಿನ್ಯೂ ಒತ್ತಿದ್ರೆ ಮಾತ್ರ ಬಾಗಿಲು ತೆಗೆಯುತ್ತೆ.

ಇನ್ನು ಆ 36 ಜಿಬಿ. ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್ ಒಳಗಿರೋದು ಮುಖ್ಯವಾಗಿ ರಿಸ್ಟೋರ್ ಪಾಯಿಂಟ್‌ಗಳು (ವಿಂಡೋಸ್ ಕೆಟ್ರೆ ಹಿಂದಿನ ಸ್ಥಿತಿಗೆ ವಾಪಸ್ ಹೋಗೋಕೆ ಇಡೋದು), ಶ್ಯಾಡೋ ಕಾಪಿ ಅಂತಾರಲ್ಲ ಅದು. ಈ ಫೋಲ್ಡರಿಗೆ ಅಡ್ಮಿನ್‌ಗೂ ಪ್ರವೇಶ ಇಲ್ಲ, ಸಿಸ್ಟಮ್ ಖಾತೆಗೆ ಮಾತ್ರ. ಅಡ್ಮಿನ್ ಕಮಾಂಡ್ ಪ್ರಾಂಪ್ಟಲ್ಲಿ ವಿಎಸ್‌ಎಸ್ ಅಡ್ಮಿನ್ ಅನ್ನೋ ಕಮಾಂಡಿಂದ ಶ್ಯಾಡೋ ಸ್ಟೋರೇಜ್ ಲಿಸ್ಟ್ ಕೇಳಿದ್ರೆ ಮೂರು ಸಾಲು ಕೊಡುತ್ತೆ: ಯೂಸ್ಡ್, ಅಲೊಕೇಟೆಡ್, ಮ್ಯಾಕ್ಸಿಮಮ್. ಮ್ಯಾಕ್ಸಿಮಮ್ ಮುಂದೆ 40 ಪರ್ಸೆಂಟ್ ಅಂತಿತ್ತು, ಅಂದ್ರೆ 89 ಜಿಬಿವರೆಗೂ ತುಂಬ್ಕೋ ಅಂತ ಯಾರೋ ಯಾವತ್ತೋ ಸಿಸ್ಟಮ್ ಪ್ರೊಟೆಕ್ಷನ್ನಿನ ಸ್ಲೈಡರನ್ನ ಎಳೆದಿಟ್ಟಿದ್ರು.

ಫೋಟೋ ಅಳಿಸಿದ್ರೂ ಜಾಗ ಮತ್ತೆ ಹೋಗ್ತಿತ್ತು ಅನ್ನೋದ್ರ ಒಂದು ಕಾರಣ ಇಲ್ಲಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ ಹಾಗಾಗಿ ಬಿಡಿಸಿ ಹೇಳ್ತೀನಿ. ರಿಸ್ಟೋರ್ ಪಾಯಿಂಟ್ ಅಂದ್ರೆ ಇಡೀ ಡ್ರೈವಿನ ಕಾಪಿ ತೆಗೆದಿಡೋದಲ್ಲ. ಆ ಕ್ಷಣದಲ್ಲಿ ಡ್ರೈವ್ ಹೇಗಿತ್ತು ಅಂತ ಗುರುತು ಮಾಡ್ಕೊಂಡು, ಆಮೇಲೆ ಯಾವ ಜಾಗದ ಮೇಲೆ ಹೊಸದು ಬರೆದ್ರೂ ಬರೆಯೋ ಮೊದ್ಲು ಅಲ್ಲಿದ್ದ ಹಳೇದನ್ನ ಎತ್ತಿ ಶ್ಯಾಡೋ ಜಾಗಕ್ಕೆ ಹಾಕುತ್ತೆ, 16 ಕೆಬಿ ಬ್ಲಾಕ್ ಬ್ಲಾಕಾಗಿ. ಮಗಳು ಫೋನಿಂದ ದೊಡ್ಡ ದೊಡ್ಡ ವಿಡಿಯೋ ಸಿ ಡ್ರೈವಿಗೆ ಹಾಕ್ಕೋತಾಳೆ, ಆಮೇಲೆ ಒಂದು ರಿಸ್ಟೋರ್ ಪಾಯಿಂಟ್ ಆಗುತ್ತೆ, ಎಡಿಟ್ ಮುಗಿಸಿ ಅಳಿಸ್ತಾಳೆ, ಜಾಗ ಬಂದ ಹಾಗೆ ಕಾಣುತ್ತೆ. ಮುಂದಿನ ಸಲ ಅದೇ ಜಾಗದ ಮೇಲೆ ಹೊಸ ವಿಡಿಯೋ ಬಿದ್ದಾಗ ಅಳಿಸಿದ ಹಳೇ ವಿಡಿಯೋದ ಬ್ಲಾಕುಗಳು ಶ್ಯಾಡೋಗೆ ಹೋಗಿ ಕೂರ್ತವೆ. ಹಾಕಿದ್ದು 10 ಜಿಬಿ, ಹೋಗಿದ್ದು 20. ಅವಳು ಅಳಿಸಿದ್ದು ನಿಜ, ಆದ್ರೆ ಡ್ರೈವ್ ಅದನ್ನ ಮರೆತಿರ್ಲಿಲ್ಲ.

ಹಾಗಾದ್ರೆ ಜೂನಿಂದ ಮಾತ್ರ ಯಾಕೆ? ಸ್ಲೈಡರ್ ಹಳೇದು, ಮಗಳ ವಿಡಿಯೋ ಕೆಲಸವೂ ಹಳೇದು. ವಿಜ್‌ಟ್ರೀಯಲ್ಲಿ ಆ ಕ್ಯಾಬ್ ಫೈಲುಗಳನ್ನ ತಾರೀಕು ಪ್ರಕಾರ ಜೋಡಿಸಿದೆ. ಮೊದಲನೇದು ಜೂನ್ ಕೊನೇ ವಾರದ್ದು. ಅಲ್ಲಿಂದ ಒಂದೆರಡು ದಿನ ಸತತ ಬರುತ್ತೆ, ಆಮೇಲೆ ಮೂರ್ನಾಲ್ಕು ದಿನ ಏನೂ ಇಲ್ಲ, ಮತ್ತೆ ಸಂಜೆ ಏಳರಿಂದ ಒಂಬತ್ತರೊಳಗೆ ಒಂದಿಷ್ಟು, ಮತ್ತೆ ಖಾಲಿ. ಈ ಖಾಲಿ ದಿನಗಳು ನನಗೆ ವಿಚಿತ್ರ ಅನ್ನಿಸ್ತು.

ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇರುತ್ತಲ್ಲ, ಅಂಗಳದಲ್ಲಿರೋ ಮಳೆ ಮಾಪಕ ನೋಡಿ ದಿನಾ ಬೆಳಿಗ್ಗೆ ಇಂಚು ಸೆಂಟು ಲೆಕ್ಕದಲ್ಲಿ ಬರೆಯೋದು. ಈ ಮನೇಲಿ ಭಾವ ಬರೀತಾರೆ, ನೀಲಿ ರಟ್ಟಿನ ಉದ್ದ ಪುಸ್ತಕ, ತಾರೀಕು, ಮಳೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಆವತ್ತಿನ ವಿಶೇಷ: ಮರ ಬಿತ್ತು, ಹೊಳೆ ರೋಡಿಗೆ ಬಂತು, ಕರೆಂಟ್ ಇಲ್ಲ, ಜನರೇಟರ್ 2 ಗಂಟೆ. ಜುಲೈ ಪುಟ ತೆಗೆದು ಸ್ಕ್ರೀನ್ ಪಕ್ಕ ಇಟ್ವಿ. ಕ್ಯಾಬ್ ಫೈಲ್ ಇಲ್ಲದ ದಿನಗಳಲ್ಲಿ ಭಾವ ಕರೆಂಟ್ ಇಲ್ಲ ಅಂತ ಬರೆದಿದಾರೆ. ಏಳರಿಂದ ಒಂಬತ್ತರವರೆಗೆ ಮಾತ್ರ ಫೈಲ್ ಇರೋ ದಿನಗಳಲ್ಲಿ ಜನರೇಟರ್ ಅಂತಿದೆ. ಸಾಲಿಗೆ ಸಾಲು ಕೂಡಿತು. ಅಕ್ಕ ಓದ್ತಾ ಹೋದ್ರು, ನಾನು ಸ್ಕ್ರೀನಲ್ಲಿ ತಾರೀಕು ನೋಡ್ತಾ ಹೋದೆ, ಪುಟ ಮುಗಿಯೋ ಹೊತ್ತಿಗೆ ವೈರಸ್ ಅನ್ನೋ ಮಾತೇ ಆ ರೂಮಲ್ಲಿ ಉಳೀಲಿಲ್ಲ.

ವಿಷಯ ಏನಂದ್ರೆ, ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ರೆ ಅಲ್ಲಿ ಕರೆಂಟ್ ಬರೋಕೆ ದಿನಗಟ್ಟಲೆ ಹಿಡಿಯುತ್ತೆ, ಆ ಮಳೇಲಿ ಕಂಬ ಹತ್ತೋ ಲೈನ್‌ಮನ್‌ಗಳ ಕಷ್ಟ ನೋಡಿದವರು ಯಾರೂ ದೂರಲ್ಲ. ಸಂಜೆ ಜನರೇಟರ್ ಹಾಕ್ದಾಗ ಕಂಪ್ಯೂಟರ್ ಆನ್ ಆಗುತ್ತೆ, ಇಂಟರ್ನೆಟ್ ಸಿಕ್ಕಿದ ಕೂಡ್ಲೇ ವಿಂಡೋಸ್ ತಪ್ಪಿಹೋಗಿದ್ದ ಅಪ್‌ಡೇಟ್ ಹಾಕೋಕೆ ಶುರು ಮಾಡುತ್ತೆ, ಮಧ್ಯದಲ್ಲಿ ಡೀಸೆಲ್ ಮುಗೀತು ಅಂತ ಜನರೇಟರ್ ಬಂದ್. ಕಂಪ್ಯೂಟರಿಗೆ ಯುಪಿಎಸ್ ಇದೆ, ಇದ್ರೂ ಠಪ್ ಅಂತ ಆಫ್ ಆಗ್ತಿತ್ತು. ಅದನ್ನ ಪರೀಕ್ಷೆ ಮಾಡೋಕೆ ಕಂಪ್ಯೂಟರ್ ಶಟ್‌ಡೌನ್ ಮಾಡಿ, ಯುಪಿಎಸ್ ಹಿಂದಿನ ಪ್ಲಗ್ಗಿಗೆ ಒಂದು ಟೇಬಲ್ ಲ್ಯಾಂಪ್ ಹಾಕಿ, ಗೋಡೆ ಸ್ವಿಚ್ ಆಫ್ ಮಾಡಿದೆ. ಬೀಪ್ ಅಂತ ಒಂದು ಸದ್ದು, ಲ್ಯಾಂಪ್ ಆರಿತು. ಮುಚ್ಚಳ ಬಿಚ್ಚಿದ್ರೆ ಒಳಗಿನ 12 ವೋಲ್ಟ್ ಬ್ಯಾಟರಿಯ ಎರಡೂ ಪಕ್ಕ ಉಬ್ಬಿಕೊಂಡಿತ್ತು, ಟರ್ಮಿನಲ್ ಮೇಲೆ ಬಿಳೀ ಪುಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ಎಸ್‌ಎಸ್‌ಡಿಯ ಆರೋಗ್ಯ ಗುಡ್ ಅಂತಲೇ ಬಂತು, ಆದ್ರೆ ಹಠಾತ್ ಕರೆಂಟ್ ಹೋದ ಲೆಕ್ಕದ ಸಾಲಲ್ಲಿ ನಂಬರ್ ನೂರುಗಳಲ್ಲಿತ್ತು. ಎಸ್‌ಎಸ್‌ಡಿ ಅದನ್ನೂ ತನ್ನೊಳಗೆ ಬರೆದಿಟ್ಕೊಂಡಿರುತ್ತೆ, ಯಾರೂ ನೋಡಲ್ಲ ಅಷ್ಟೇ.

ಸೆಟ್ಟಿಂಗ್ಸಲ್ಲಿ ಅಪ್‌ಡೇಟ್ ಹಿಸ್ಟರಿ ತೆಗೆದ್ರೆ ಒಂದೇ ಕೆಬಿ ನಂಬರ್ (ಅಪ್‌ಡೇಟಿನ ಗುರುತಿನ ನಂಬರ್), ಫೇಲ್ಡ್, ಫೇಲ್ಡ್, ಫೇಲ್ಡ್. ಅಪ್‌ಡೇಟ್ ಅರ್ಧದಲ್ಲಿ ನಿಂತು ವಿಂಡೋಸ್ ತನ್ನ ಭಾಗಗಳ ಮೂಲ ಫೈಲುಗಳನ್ನ ಇಟ್ಕೊಳ್ಳೋ ಕಾಂಪೊನೆಂಟ್ ಸ್ಟೋರ್ ಕೆಟ್ಟಿತ್ತು, ಕೆಟ್ಟಿದ್ದಕ್ಕೆ ಮುಂದಿನ ಪ್ರಯತ್ನವೂ ಫೇಲ್, ಪ್ರತಿ ಫೇಲಿಗೂ ಸಿಬಿಎಸ್ ಲಾಗಲ್ಲಿ ಪುಟಗಟ್ಟಲೆ ಬರವಣಿಗೆ, ಲಾಗ್ 2 ಜಿಬಿ ದಾಟಿತು, ಮೇಕ್‌ಕ್ಯಾಬ್ ತುಂಡು ಬಿಡೋಕೆ ಶುರು ಮಾಡಿತು. ಅಪ್‌ಡೇಟ್ ಹಾಕೋ ಮೊದ್ಲು ವಿಂಡೋಸ್ ಸಾಮಾನ್ಯವಾಗಿ ರಿಸ್ಟೋರ್ ಪಾಯಿಂಟ್ ಮಾಡುತ್ತೆ, ಹಾಗಾಗಿ ಶ್ಯಾಡೋ ಕಾಪಿಗಳೂ ಅದೇ ಹೊತ್ತಲ್ಲಿ ಜಾಸ್ತಿ ಆದ್ವು. 47 ಬೇರೆ 36 ಬೇರೆ ಅಂತ ಕಂಡ್ರೂ ಮೂಲ ಒಂದೇ, ಆ ಉಬ್ಬಿದ ಬ್ಯಾಟರಿ.

ರಿಪೇರಿಯಲ್ಲಿ ಯಾವ್ದು ಮೊದ್ಲು ಅನ್ನೋದು ಮುಖ್ಯ. ಕ್ಯಾಬ್ ಫೈಲ್ ಮೊದ್ಲು ಅಳಿಸೋಕೆ ಎಲ್ಲರಿಗೂ ಕೈ ತುರಿಸುತ್ತೆ, ಆದ್ರೆ ಶ್ಯಾಡೋ ಮಿತಿ 89 ಇದ್ದಾಗ 47 ಜಿಬಿ ಅಳಿಸಿದ್ರೆ, ಆ ಜಾಗದ ಮೇಲೆ ಮುಂದೆ ಬರೆದ ಹಾಗೆಲ್ಲಾ ಅಳಿಸಿದ ಕಸವೇ ಶ್ಯಾಡೋಗೆ ಹೋಗ್ತಾ ಇರುತ್ತೆ. ಅದಕ್ಕೆ ಮೊದ್ಲು ಮಿತಿ ಇಳಿಸಿದೆ. ವಿಎಸ್‌ಎಸ್ ಅಡ್ಮಿನ್ನಿನ ರೀಸೈಜ್ ಕಮಾಂಡಲ್ಲಿ ಸಿ ಡ್ರೈವಿಗೆ 8 ಜಿಬಿ ಅಂತ ಕೊಟ್ಟೆ, ಕಮಾಂಡ್ ಬೇಡ ಅನ್ನೋರು ಸಿಸ್ಟಮ್ ಪ್ರೊಟೆಕ್ಷನ್ನಲ್ಲಿ ಕಾನ್ಫಿಗರ್ ಒತ್ತಿ ಸ್ಲೈಡರ್ ಎಳೆದ್ರೂ ಅದೇ. ಹಳೇ ಪಾಯಿಂಟ್‌ಗಳು ತಾವಾಗೇ ಹೋದ್ವು, ಹೊಸದೊಂದು ಉಳೀತು. ಪೂರ್ತಿ ಆಫ್ ಮಾಡೋದು ನನಗೆ ಇಷ್ಟ ಇಲ್ಲ, ಕರೆಂಟ್ ಹೀಗೆ ಕೈ ಕೊಡೋ ಊರಲ್ಲಿ ಒಂದು ರಿಸ್ಟೋರ್ ಪಾಯಿಂಟ್ ಇರ್ಲೇಬೇಕು.

ಆಮೇಲೆ ಸರ್ವೀಸಸ್ ಪಟ್ಟೀಲಿ ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ನಿಲ್ಲಿಸಿದೆ, ಅದು ಓಡ್ತಾ ಇದ್ರೆ ಲಾಗ್ ಅಳಿಸೋಕೆ ಬಿಡಲ್ಲ. ಲಾಗಿನ ಕೊನೇ ಭಾಗ ಮಾತ್ರ ಪೆನ್‌ಡ್ರೈವಿಗೆ ತಗೊಂಡೆ, ಏನು ಕೆಟ್ಟಿದೆ ಅಂತ ಓದೋಕೆ ಬೇಕಲ್ಲ. ಆ 2.3 ಜಿಬಿ ಲಾಗ್ ಅಳಿಸಿ, ಆಮೇಲೆ ಟೆಂಪಿನ ಕ್ಯಾಬ್ ತುಂಡುಗಳನ್ನ ಅಳಿಸಿದೆ. ಇಲ್ಲೊಂದು ಮಾತು ಒತ್ತಿ ಹೇಳ್ಬೇಕು: ಕ್ಯಾಬ್ ತುಂಡು ಮಾತ್ರ ಅಳಿಸಿ ಆ ದೊಡ್ಡ ಲಾಗನ್ನ ಬಿಟ್ರೆ ಮೇಕ್‌ಕ್ಯಾಬ್ ಮತ್ತೆ ಅದ್ರ ಮೇಲೇ ಬೀಳುತ್ತೆ, ಎಲ್ಲಾ ತಿರುಗಾ ಶುರು.

ಆ ಕಾಂಪೊನೆಂಟ್ ಸ್ಟೋರ್ ಇರೋ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ಕೂಡ 11 ಜಿಬಿ ತೋರಿಸ್ತಿತ್ತು, ಇದನ್ನೂ ಅಳಿಸ್ಲಾ ಅಂತ ಮಗಳು ಕೇಳಿದ್ಲು. ಅದನ್ನ ಕೈಯಾರೆ ಯಾವತ್ತೂ ಮುಟ್ಬಾರ್ದು. ಅದ್ರೊಳಗಿನ ಎಷ್ಟೋ ಫೈಲು ಸಿಸ್ಟಮ್32ನಲ್ಲಿರೋ ಫೈಲೇ, ಹಾರ್ಡ್ ಲಿಂಕ್ ಅಂತ ಒಂದೇ ಫೈಲಿಗೆ ಎರಡು ಹೆಸರು, ಎಕ್ಸ್‌ಪ್ಲೋರರ್ ಎರಡು ಸಲ ಎಣಿಸುತ್ತೆ. ಡಿಸ್ಮ್ ಅನ್ನೋ ವಿಂಡೋಸಿನದೇ ರಿಪೇರಿ ಕಮಾಂಡಲ್ಲಿ ಅನಲೈಜ್ ಮಾಡಿದ್ರೆ ನಿಜವಾದ ಸೈಜ್ ಅದಕ್ಕಿಂತ ಎಷ್ಟೋ ಕಮ್ಮಿ ಬಂತು. ಅಂದ್ರೆ ಎಕ್ಸ್‌ಪ್ಲೋರರ್ ಒಂದ್ ಕಡೆ ಕಮ್ಮಿ ಎಣಿಸುತ್ತೆ, ಇನ್ನೊಂದ್ ಕಡೆ ಜಾಸ್ತಿ, ಆ 124 ಕೂಡ ಪಕ್ಕಾ ನಂಬರಲ್ಲ.

ಕಾಂಪೊನೆಂಟ್ ಸ್ಟೋರ್ ರಿಪೇರಿಗೆ ಡಿಸ್ಮಿನ ರಿಸ್ಟೋರ್ ಹೆಲ್ತ್ ಮಾಡ್ಬೇಕು, ಅದು ಮಾಮೂಲಾಗಿ ಒಳ್ಳೇ ಫೈಲುಗಳನ್ನ ಇಂಟರ್ನೆಟ್ಟಿಂದ ತರುತ್ತೆ. ಆ ಮನೇಲಿ ಅವತ್ತು ಇಂಟರ್ನೆಟ್ ಅಂದ್ರೆ ಫೋನಿನ ಹಾಟ್‌ಸ್ಪಾಟ್, ಅದೂ ಮೇಲಿನ ಜಗಲೀಲಿ ಇಟ್ರೆ ಎರಡು ಕಡ್ಡಿ. ಹಾಗಾಗಿ ಅದೇ ವರ್ಷನ್ನಿನ ವಿಂಡೋಸ್ ಐಎಸ್ಒ ಫೈಲನ್ನ (ಇನ್‌ಸ್ಟಾಲ್ ಡಿಸ್ಕಿನ ಪೂರ್ತಿ ಕಾಪಿ) ಮಡಿಕೇರಿಯಲ್ಲೇ ಇಳಿಸ್ಕೊಂಡು ಪೆನ್‌ಡ್ರೈವಲ್ಲಿ ಒಯ್ದಿದ್ದೆ, ಸೋರ್ಸ್ ಅಂತ ಅದನ್ನ ಕೊಟ್ಟು, ಇಂಟರ್ನೆಟ್ಟಿಗೆ ಹೋಗ್ಬೇಡ ಅನ್ನೋ ಆಪ್ಷನ್ ಸೇರಿಸಿ ಓಡಿಸಿದೆ. ಆಮೇಲೆ ವಿಂಡೋಸಿನ ಫೈಲುಗಳನ್ನ ಪರೀಕ್ಷೆ ಮಾಡೋ ಎಸ್‌ಎಫ್‌ಸಿ ಸ್ಕ್ಯಾನ್, ಆಮೇಲೆ ರೀಸ್ಟಾರ್ಟಲ್ಲಿ ಡಿಸ್ಕಿನ ತಪ್ಪು ಹುಡುಕೋ ಚೆಕ್ ಡಿಸ್ಕ್. ಚೆಕ್ ಡಿಸ್ಕ್ ಸಣ್ಣಪುಟ್ಟ ತಪ್ಪು ಸರಿ ಮಾಡಿತು, ಕೂಲಿ ಲೆಕ್ಕದ ಫೋಲ್ಡರ್ ಹಾಗೇ ಇತ್ತು.

ಕ್ಲೀನರ್ ಅಂತ ಬರೋ ಫ್ರೀ ಸಾಫ್ಟ್‌ವೇರ್ ಯಾವ್ದನ್ನೂ ಹಾಕ್ಲಿಲ್ಲ. ಊರೂರಿನ ಗೆಸ್ಟ್‌ಗಳ ಆಧಾರ್, ಪಾಸ್‌ಪೋರ್ಟ್ ಸ್ಕ್ಯಾನ್ ಇರೋ ಕಂಪ್ಯೂಟರದು, ಯಾರು ಮಾಡಿದ್ದು ಅಂತಲೇ ಗೊತ್ತಿಲ್ಲದ ಪ್ರೋಗ್ರಾಂಗೆ ಅಡ್ಮಿನ್ ಪರ್ಮಿಷನ್ ಕೊಡೋದು ಆ ಗೆಸ್ಟ್‌ಗಳಿಗೆ ಮಾಡೋ ಅನ್ಯಾಯ. ಹಳೇ ಸ್ಕ್ಯಾನ್‌ಗಳು ಡೌನ್‌ಲೋಡ್ಸಲ್ಲಿ ಹರಡ್ಕೊಂಡು ಬಿದ್ದಿದ್ವು, ಅಕ್ಕನಿಗೆ ಹೇಳಿ ಒಂದೇ ಫೋಲ್ಡರಿಗೆ ತಂದು ಬೇಡದ್ದನ್ನ ತೆಗೆಸಿದ್ದಾಯ್ತು.

ಎಲ್ಲಾ ಆದ್ಮೇಲೆ ಖಾಲಿ ಜಾಗ 83 ಜಿಬಿ. ಆವತ್ತು ಅಪ್‌ಡೇಟ್ ಹಾಕ್ಲಿಲ್ಲ. ಯುಪಿಎಸ್‌ಗೆ ಹೊಸ ಬ್ಯಾಟರಿ ಗೋಣಿಕೊಪ್ಪಲಿಂದ ತರಿಸಿ, ಲ್ಯಾಂಪ್ ಪರೀಕ್ಷೆ ಮತ್ತೆ ಮಾಡಿ, ಈ ಸಲ ಲ್ಯಾಂಪ್ ಉರೀತಾನೇ ಇತ್ತು, ಆಮೇಲೇ ಅಪ್‌ಡೇಟ್. ಎಷ್ಟೋ ವಾರದಿಂದ ಫೇಲ್ ಆಗ್ತಿದ್ದ ಅದೇ ಕೆಬಿ ನಂಬರ್ ಒಂದೇ ಸಲಕ್ಕೆ ಕೂತ್ಕೊಂಡಿತು. ಯುಪಿಎಸ್ಸಿನ ಯುಎಸ್‌ಬಿ ಕೇಬಲ್ ಡಬ್ಬದಲ್ಲೇ ಕವರ್ ಬಿಚ್ಚದೇ ಇತ್ತು, ಅದನ್ನ ಕಂಪ್ಯೂಟರಿಗೆ ಸಿಕ್ಕಿಸಿ, ಪವರ್ ಆಪ್ಷನ್ಸಲ್ಲಿ ಬ್ಯಾಟರಿ ಕಮ್ಮಿ ಆದಾಗ ಹೈಬರ್ನೇಟ್ ಆಗೋ ಹಾಗೆ ಇಟ್ಟೆ. ಹೈಬರ್‌ಫಿಲ್ ಉಳಿಸ್ಕೊಂಡಿದ್ದು ಇದಕ್ಕೇ. ಮನೇಲಿ ಯಾರೂ ಇಲ್ದಾಗ ಕರೆಂಟ್ ಹೋದ್ರೂ ಅದು ತಾನಾಗಿ ಎಲ್ಲಾ ಬರೆದಿಟ್ಟು ಮಲಗುತ್ತೆ, 3 ಜಿಬಿ ಕೊಟ್ಟು ಇಷ್ಟು ಸಿಗೋದಾದ್ರೆ ಕೊಡ್ಬೇಕು. ಆಕ್ಟಿವ್ ಅವರ್ಸ್ ಕೂಡ ಬದಲಾಯಿಸಿ ಜನರೇಟರ್ ಹೊತ್ತಲ್ಲಿ ತಾನಾಗಿ ರೀಸ್ಟಾರ್ಟ್ ಆಗದ ಹಾಗೆ ಮಾಡಿದ್ದೀನಿ, ಹಾಟ್‌ಸ್ಪಾಟನ್ನ ಮೀಟರ್ಡ್ ಕನೆಕ್ಷನ್ ಅಂತ ಗುರುತು ಹಾಕಿದ್ದೀನಿ, ಹಾಗಿದ್ರೆ ಹೆಚ್ಚಿನ ಅಪ್‌ಡೇಟ್‌ಗಳು ಅದ್ರ ಮೇಲೆ ಇಳಿಯೋಕೆ ಹೋಗಲ್ಲ.

ಭಾವ ಈಗ ಮಳೆ ಪುಸ್ತಕದ ವಿಶೇಷದ ಜಾಗದಲ್ಲಿ ಪ್ರತಿ ಭಾನುವಾರ ಸಿ ಡ್ರೈವಿನ ಖಾಲಿ ಜಾಗವನ್ನೂ ಬರೀತಾರೆ, 81, 80, 82 ಹೀಗೆ. ಒಂದೆರಡು ಜಿಬಿ ಏರಿಳಿತ ಸಹಜ, ಪೇಜ್‌ಫೈಲು, ಬ್ರೌಸರ್ ಕ್ಯಾಶು ಎಲ್ಲಾ ಇರುತ್ತೆ. ಒಂದೇ ವಾರದಲ್ಲಿ ಐದಕ್ಕಿಂತ ಜಾಸ್ತಿ ಇಳಿದ್ರೆ ಸಿಬಿಎಸ್ ಫೋಲ್ಡರಲ್ಲಿ 1 ಜಿಬಿ ದಾಟಿದ ಲಾಗ್ ಇದೆಯಾ ನೋಡಿ ಅಂತ ಹೇಳಿದ್ದೀನಿ.

2025ರಲ್ಲಿ ಒಂದು ಸಲ ಫೋನ್ ಬಂತು, ಒಂದೇ ದಿನದಲ್ಲಿ 25 ಜಿಬಿ ಹೋಯ್ತು ಅಂತ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯೋದ್ರಿಂದ ಮಗಳು ಮಳೆ ಕಮ್ಮಿಯಾದ್ಮೇಲೆ 11ಕ್ಕೆ ಅಪ್‌ಗ್ರೇಡ್ ಮಾಡಿದ್ಲು, ಅವರ ಪ್ರೊಸೆಸರ್ 8ನೇ ಜನರೇಷನ್ನಿನ ಐ3 ಆಗಿರೋದ್ರಿಂದ ತೊಂದ್ರೆ ಇರ್ಲಿಲ್ಲ. ಫೋನಲ್ಲೇ ಸಿ ಡ್ರೈವ್ ಓಪನ್ ಮಾಡಿಸಿದೆ, ವಿಂಡೋಸ್ ಡಾಟ್ ಓಲ್ಡ್ ಅನ್ನೋ ಫೋಲ್ಡರ್ ಕೂತಿತ್ತು, ಹಳೇ ವಿಂಡೋಸಿಗೆ ವಾಪಸ್ ಹೋಗ್ಬೇಕಾದ್ರೆ ಇರ್ಲಿ ಅಂತ ಇಡೋದು. ಅಪ್‌ಗ್ರೇಡ್ ಆಗಿ 10 ದಿನ ಆದ್ಮೇಲೆ ವಿಂಡೋಸೇ ಅದನ್ನ ತೆಗೆಯುತ್ತೆ, ಪ್ರಿಂಟರ್, ಕೂಲಿ ಲೆಕ್ಕದ ಸಾಫ್ಟ್‌ವೇರ್ ಎಲ್ಲಾ ಸರಿಯಾಗಿ ಓಡುತ್ತಾ ಅಂತ ನೋಡೋವರೆಗೆ ಮುಟ್ಬೇಡಿ ಅಂದೆ. ಎರಡು ವಾರ ಬಿಟ್ಟು ಭಾನುವಾರದ ಸಾಲಲ್ಲಿ 78 ಅಂತ ಬರೆದಿದ್ರು.